ಶಂಕರಘಟ್ಟದಲ್ಲೊಂದು ನಕಲಿ ಕಿಣ್ವ

ನನ್ನ ಪಿಎಚ್‌ಡಿ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳುವುದಾದರೆ ಇಷ್ಟು: ಕಿಣ್ವ ಮಾಡುವ ಕೆಲಸವನ್ನು ಕಿಣ್ವವಲ್ಲದ ಒಂದು ಸಣ್ಣ ಅಣುವಿನ ಕೈಲಿ ಮಾಡಿಸುವುದು. ಸಣ್ಣ ಕರುಳಿನಲ್ಲಿ ಪ್ರೋಟೀನ್ ಕತ್ತರಿಸುವ ಕೈಮೋಟ್ರಿಪ್ಸಿನ್ ಕಿಣ್ವದಲ್ಲಿ ಇನ್ನೂರಕ್ಕೂ ಹೆಚ್ಚು ಅಮೈನೊ ಆಮ್ಲಗಳಿವೆ. ಅಷ್ಟರಲ್ಲಿ ನೇರವಾಗಿ ಕೆಲಸಕ್ಕೆ ಇಳಿಯುವವು ಮುಖ್ಯವಾಗಿ ಮೂರು. 57ನೆಯ ಹಿಸ್ಟಿಡಿನ್, 102ನೆಯ ಆಸ್ಪಾರ್ಟೇಟ್, 195ನೆಯ ಸೆರಿನ್. ಉಳಿದವೆಲ್ಲ ಈ ಮೂರನ್ನು ತಕ್ಕ ಜಾಗದಲ್ಲಿ ನಿಲ್ಲಿಸುವುದಕ್ಕೆ, ಬಂದ ಅಣುವನ್ನು ಕೂರಿಸುವುದಕ್ಕೆ. ಹಾಗಾದರೆ ಕೂರಿಸಲು ಒಂದು ಗುಳಿ, ಅದರ ಅಂಚಿಗೆ ಹಿಸ್ಟಿಡಿನ್ನಿನಲ್ಲಿರುವಂಥ ಒಂದು ಇಮಿಡಜೋಲ್ ಉಂಗುರ, ಇಷ್ಟನ್ನೇ ಜೋಡಿಸಿಬಿಟ್ಟರೆ ಸಾಲದೇ? ರಿಜಿಸ್ಟ್ರೇಷನ್ ಮಾಡಿಸುವಾಗ ನನಗೆ ಸಾಲುತ್ತದೆ ಅನ್ನಿಸಿತ್ತು. ಅಲ್ಲಿಂದ ಇಲ್ಲಿಯವರೆಗಿನ ಕೆಲಸವೆಲ್ಲ ಯಾಕೆ ಸಾಲದು ಎಂದು ತಿಳಿಯುವುದಕ್ಕೇ ಹೋಗಿದೆ.

ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದ ಕ್ಯಾಂಪಸ್ಸು ಭದ್ರಾ ಅಣೆಕಟ್ಟಿಗೆ ಹತ್ತಿರ. ವಿಶ್ವವಿದ್ಯಾಲಯ ಶುರುವಾದದ್ದು 1987ರಲ್ಲಿ. ಅದೇ ವರ್ಷ ಪೆಡರ್ಸನ್, ಕ್ರಾಮ್, ಲೆನ್ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು, ಬೇರೆ ಅಣು-ಅಯಾನುಗಳನ್ನು ಆರಿಸಿ ಹಿಡಿಯಬಲ್ಲ ಅಣುಗಳನ್ನು ಕಟ್ಟಿದ್ದಕ್ಕೆ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಸಿನಾಪ್ಸಿಸ್ಸಿನ ಪೀಠಿಕೆಯಲ್ಲಿ ಬರೆದಿದ್ದೆ, ಗೈಡ್ ಮೇಡಂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು.

ಹಿಡಿಯುವ ಅಣುವಿಗೆ ಆತಿಥೇಯ ಎಂದೂ ಒಳಗೆ ಕೂರುವುದಕ್ಕೆ ಅತಿಥಿ ಎಂದೂ ಹೆಸರು. ಕಿಣ್ವವೂ ಒಂದು ಬಗೆಯ ಆತಿಥೇಯವೇ. ಬೀಗಕ್ಕೆ ಬೀಗದ ಕೈ ಹೊಂದುವಂತೆ ಕಿಣ್ವಕ್ಕೆ ಅದರ ಅಣು ಹೊಂದುತ್ತದೆ ಎಂದು ಎಮಿಲ್ ಫಿಶರ್ ಹೇಳಿದ್ದು 1894ರಲ್ಲಿ. ನಮ್ಮ ಪಿಯುಸಿ ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ. ಈ ಚಿತ್ರದಲ್ಲಿ ಒಂದು ಎಡವಟ್ಟಿದೆ, 1940ರ ದಶಕದಲ್ಲಿ ಲೈನಸ್ ಪಾಲಿಂಗ್ ಅದನ್ನು ಸರಿಪಡಿಸಿದರು. ಕಿಣ್ವದ ಗುಳಿ ಸರಿಯಾಗಿ ಹೊಂದಬೇಕಾದದ್ದು ಬಂದ ಅಣುವಿಗಲ್ಲ, ಆ ಅಣು ಒಡೆಯುವ ನಡುಹಾದಿಯಲ್ಲಿ ಒಂದು ಕ್ಷಣ ತಾಳುವ ತಿರುಚಿದ ರೂಪಕ್ಕೆ. ಅದನ್ನೇ ಟ್ರಾನ್ಸಿಷನ್ ಸ್ಟೇಟ್ ಅನ್ನುವುದು. ಬಂದ ಅಣುವಿಗೇ ಗುಳಿ ತೀರಾ ಹೊಂದಿಬಿಟ್ಟರೆ ಅದು ಅಲ್ಲೇ ನೆಮ್ಮದಿಯಾಗಿ ಉಳಿಯುತ್ತದೆ, ಅಲ್ಲಿಂದ ಮೇಲಕ್ಕೆ ಹತ್ತಬೇಕಾದ ದಿಬ್ಬ ಇನ್ನೂ ಎತ್ತರವಾಗುತ್ತದೆ. ಮೇಡಂ ಇದನ್ನು ಹೇಳುವ ರೀತಿಯೇ ಬೇರೆ: "ಗದ್ದೆ ಕೆಲಸಕ್ಕೆ ಬಂದವರಿಗೆ ಮಂಚ ಹಾಕಿ ಕಂಬಳಿ ಕೊಟ್ಟರೆ ಮಲಗ್ತಾರೆ ಕಣಮ್ಮ, ನಾಟಿ ಮಾಡಲ್ಲ."

ಯಾವ ಆತಿಥೇಯವನ್ನು ಆರಿಸುವುದು ಎನ್ನುವುದೇ ಮೊದಲ ಜಗಳ. ನನಗೆ ಆಸೆ ಇದ್ದದ್ದು ಲೋಹದ ಪಂಜರಗಳ ಮೇಲೆ. ಜಪಾನಿನ ಮಕೊಟೊ ಫುಜಿಟಾ ತಂಡದವರು ಪೆಲ್ಲೇಡಿಯಂ ಅಯಾನುಗಳು ಮೂಲೆಗಳಾಗಿ, ಚಪ್ಪಟೆಯಾದ ಸಾವಯವ ಅಣುಗಳು ಗೋಡೆಯ ಹಲಗೆಗಳಾಗಿ ನೀರಿನಲ್ಲಿ ತಾನಾಗಿಯೇ ಕೂಡಿಕೊಳ್ಳುವ ಪಂಜರ ಮಾಡಿದ್ದರು. 2006ರಲ್ಲಿ ಅದರೊಳಗೆ ಮೂರು ಉಂಗುರಗಳು ಸಾಲಾಗಿ ಕೂಡಿದ ಆಂತ್ರಸೀನನ್ನು ಕೂಡಿಹಾಕಿ, ಸಾಮಾನ್ಯವಾಗಿ ನಡುವಿನ ಉಂಗುರದಲ್ಲಿ ಆಗುವ ಡೀಲ್ಸ್-ಆಲ್ಡರ್ ಕ್ರಿಯೆಯನ್ನು (ಎರಡು ಅಣು ಕೂಡಿ ಹೊಸ ಉಂಗುರ ಕಟ್ಟುವ ಕ್ರಿಯೆ) ಕೊನೆಯ ಉಂಗುರದಲ್ಲಿ ಮಾಡಿಸಿದರು. ಓದಿದಾಗ ಮೈ ಜುಂ ಅಂದಿತ್ತು. ಎರಡನೆಯ ಸಲ ಓದಿದಾಗ ಕಣ್ಣಿಗೆ ಬಿದ್ದದ್ದು ಬೇರೆ. ಪಂಜರದಲ್ಲಿ ಹುಟ್ಟಿದ ವಸ್ತು ಹೊರಗೆ ಬರುವುದಿಲ್ಲ. ಒಂದು ಪಂಜರಕ್ಕೆ ಒಂದೇ ಸಲದ ಕೆಲಸ. ಅದೇ ಲೇಖನದಲ್ಲಿ ಬಟ್ಟಲಿನ ಆಕಾರದ ಇನ್ನೊಂದು ಆತಿಥೇಯವಿತ್ತು. ಅದರಲ್ಲಿ ಮಾತ್ರ ಉತ್ಪನ್ನ ಬಾಗಿದ ಆಕಾರ ತಳೆದು ತಾನೇ ಹೊರಗೆ ಬೀಳುತ್ತದೆ, ಮುಂದಿನದಕ್ಕೆ ಜಾಗ ಬಿಡುತ್ತದೆ. ನಿಜವಾದ ವೇಗವರ್ಧಕ ಅಂದರೆ ಆ ಬಟ್ಟಲು.

ಪೆಲ್ಲೇಡಿಯಂ ಬೆಲೆ ಕೇಳಿದ ಮೇಲೆ ಆಸೆ ಇಳಿಯಿತು. ಕೊನೆಗೆ ಉಳಿದದ್ದು ಸೈಕ್ಲೊಡೆಕ್ಸ್‌ಟ್ರಿನ್. ಗಂಜಿಪಿಷ್ಟದ ಮೇಲೆ ಒಂದು ಬ್ಯಾಕ್ಟೀರಿಯಾದ ಕಿಣ್ವವನ್ನು ಬಿಟ್ಟು ತಯಾರಿಸುವ, ಗ್ಲೂಕೋಸುಗಳು ಉಂಗುರಕ್ಕೆ ಸುತ್ತಿಕೊಂಡ ಸಕ್ಕರೆ. ಆರು ಗ್ಲೂಕೋಸಿದ್ದರೆ ಆಲ್ಫಾ, ಏಳಿದ್ದರೆ ಬೀಟಾ, ಎಂಟಿದ್ದರೆ ಗಾಮಾ. 1891ರಲ್ಲೇ ವಿಲಿಯೆ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ಕಂಡಿದ್ದರು. ಬೀಟಾ ಕಿಲೋ ಲೆಕ್ಕದಲ್ಲಿ, ಕೈಗೆಟಕುವ ಬೆಲೆಗೆ ಸಿಗುತ್ತದೆ. ಒಂದು ಬಾಯಿ ಅಗಲ, ಇನ್ನೊಂದು ಬಾಯಿ ಕಿರಿದು, ಎರಡೂ ಕಡೆ ತೆರೆದೇ ಇರುತ್ತದೆ. ಒಳಗಿನ ಅಗಲ ಸುಮಾರು 0.6 ನ್ಯಾನೊಮೀಟರ್, ಒಂದು ಬೆಂಜೀನ್ ಉಂಗುರ ಸಲೀಸಾಗಿ ತೂರುವಷ್ಟು. ಒಳಗೋಡೆಗೆ ನೀರು ಅಷ್ಟಕ್ಕಷ್ಟೆ, ಹೊರಮೈಗೆ ನೀರು ಇಷ್ಟ. ಎಣ್ಣೆ ಜಾತಿಯ ಅಣು ನೀರಿನಲ್ಲಿ ಇದನ್ನು ಕಂಡರೆ ಒಳಗೆ ಹೋಗಿ ಕೂರುತ್ತದೆ.

ಕೂರುತ್ತದೆ ಎನ್ನುವುದನ್ನು ನೋಡುವ ಒಂದು ಸುಲಭದ ಪ್ರಯೋಗವಿದೆ. ಬಿಎಸ್ಸಿ ಮಕ್ಕಳಿಗೆ ತೋರಿಸಿದರೆ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕ್ಷಾರೀಯ ನೀರಿನಲ್ಲಿ ಫಿನಾಲ್ಫ್ತಲೀನ್ ಹಾಕಿದರೆ ಗುಲಾಬಿ ಬಣ್ಣ. ಅದಕ್ಕೆ ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ ಸೇರಿಸಿ ಅಲ್ಲಾಡಿಸಿ, ಬಣ್ಣ ಮಾಯ. ಪಿಎಚ್ ಬದಲಾಗಿಲ್ಲ, ಬಣ್ಣದ ಅಣು ಒಳಗೆ ಕೂತು ಬಣ್ಣ ಕಾಣದ ರೂಪಕ್ಕೆ ತಿರುಗಿದೆ ಅಷ್ಟೆ. ಈಗ ಅಡಮಾಂಟೇನ್ ಕಾರ್ಬಾಕ್ಸಿಲೇಟ್ ಹಾಕಿದರೆ ಅದು ಒಳಗಿದ್ದದ್ದನ್ನು ಹೊರಗೆ ತಳ್ಳಿ ತಾನು ಕೂರುತ್ತದೆ, ಗುಲಾಬಿ ಬಣ್ಣ ಮರಳಿ ಬರುತ್ತದೆ. ಅಡಮಾಂಟೇನಿನ ಗುಂಡಗಿನ ಮೈ ಆ ಗುಳಿಗೆ ಅಳತೆ ತೆಗೆದು ಹೊಲಿದ ಹಾಗೇ ಇದೆ, ಅದರ ಹಿಡಿತದ ಸ್ಥಿರಾಂಕ, ಅಂದರೆ ಎಷ್ಟು ಗಟ್ಟಿ ಹಿಡಿತ ಎನ್ನುವ ಅಳತೆ, ಹತ್ತು ಸಾವಿರದ ಮೇಲೆ. ಪ್ರೋಟೀನಿನ ಬದಲು ನಾನು ಒಡೆಯಲು ಆರಿಸಿಕೊಂಡದ್ದು ಒಂದು ಎಸ್ಟರ್, ಅಂದರೆ ಆಮ್ಲವೊಂದು ಆಲ್ಕೊಹಾಲ್ ಅಥವಾ ಫಿನಾಲಿನ ಜೊತೆ ಕೂಡಿ ಆದ ಅಣು. ಅದರದು ನೂರರ ಆಸುಪಾಸು. ಮೊದಮೊದಲು ಇದೊಂದು ಕೊರತೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಹಿಡಿದು ಬಿಡದೇ ಇರುವುದೇ ಕೆಲಸವಾದರೆ ಸೈಕ್ಲೊಡೆಕ್ಸ್‌ಟ್ರಿನ್ನಿನಷ್ಟು ಒಳ್ಳೆಯ ಆತಿಥೇಯ ಕಡಿಮೆ. ಆಪರೇಷನ್ನಿನ ಹೊತ್ತಿಗೆ ಸ್ನಾಯು ಸಡಿಲಿಸಲು ಕೊಡುವ ರೊಕುರೋನಿಯಂ ಎಂಬ ಔಷಧಿಯನ್ನು, ಆಪರೇಷನ್ ಮುಗಿದ ಮೇಲೆ ರಕ್ತದಲ್ಲೇ ಅಪ್ಪಿ ಹಿಡಿದು ಸುಮ್ಮನಾಗಿಸುವ ಸುಗಮಾಡೆಕ್ಸ್ ಒಂದು ಮಾರ್ಪಡಿಸಿದ ಗಾಮಾ-ಸೈಕ್ಲೊಡೆಕ್ಸ್‌ಟ್ರಿನ್. ಯುರೋಪಿನಲ್ಲಿ 2008ರಿಂದ, ಅಮೆರಿಕದಲ್ಲಿ 2015ರಿಂದ ಬಳಕೆಯಲ್ಲಿದೆ. ಅಲ್ಲಿ ಗಟ್ಟಿ ಹಿಡಿದಷ್ಟೂ ಒಳ್ಳೆಯದು. ನನ್ನ ಕೆಲಸಕ್ಕೆ ಆ ಗುಣವೇ ಶತ್ರು.

ಕಾಗದದ ಮೇಲೆ ವಿನ್ಯಾಸ ಮಾಡುವ ಹೊತ್ತಿಗೆ ನಾನು ಅತಿ ಹೆಚ್ಚು ನೋಡಿದ್ದು 1960ರ ದಶಕದ ಒಂದು ಹಳೆಯ ಕೋಷ್ಟಕವನ್ನು. ಮೈರನ್ ಬೆಂಡರ್ ಅವರ ತಂಡದವರು ಫಿನೈಲ್ ಅಸಿಟೇಟ್ ಜಾತಿಯ ಎಸ್ಟರುಗಳನ್ನು ಬರೀ ಆಲ್ಫಾ-ಸೈಕ್ಲೊಡೆಕ್ಸ್‌ಟ್ರಿನ್ನಿನ ಜೊತೆ ಕ್ಷಾರೀಯ ನೀರಿನಲ್ಲಿಟ್ಟು ಒಡೆಯುವ ವೇಗ ಅಳೆದಿದ್ದರು. ಬೆಂಜೀನ್ ಉಂಗುರದ ಮೆಟಾ ಜಾಗದಲ್ಲಿ ಟರ್ಷಿಯರಿ ಬ್ಯೂಟೈಲ್ ಗುಂಪಿದ್ದರೆ ವೇಗ 260 ಪಟ್ಟು. ಅದೇ ಗುಂಪನ್ನು ಒಂದು ಮನೆ ಆಚೆಗೆ, ಪ್ಯಾರಾ ಜಾಗಕ್ಕೆ, ಸರಿಸಿದರೆ 1.1 ಪಟ್ಟು. ಅಂದರೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಪ್ಯಾರಾದ್ದು ಒಳಗೆ ಕೂರುವುದಿಲ್ಲ ಅಂತಲ್ಲ, ಚೆನ್ನಾಗಿಯೇ ಕೂರುತ್ತದೆ. ಆದರೆ ಕೂತಾಗ ಅದರ ಎಸ್ಟರ್ ತುದಿ ಬಾಯಿಯ ನಡುವಿನಲ್ಲಿ ಮೇಲಕ್ಕೆದ್ದು ನಿಲ್ಲುತ್ತದೆ, ಅದನ್ನು ಒಡೆಯಬೇಕಾದ, ಅಂಚಿನಲ್ಲಿರುವ ಹೈಡ್ರಾಕ್ಸಿಲ್ (OH ಗುಂಪು) ಅದನ್ನು ಮುಟ್ಟಲಾರದು. ಮೆಟಾದ್ದು ವಾಲಿಕೊಂಡು ಕೂರುತ್ತದೆ, ಎಸ್ಟರ್ ನೇರ ಅಂಚಿಗೇ ಬರುತ್ತದೆ.

ಈ ಎರಡು ಅಂಕಿಗಳನ್ನು ನಾನು ಬೆಂಚಿನ ಮೇಲಿನ ಟೈಲ್ಸಿಗೆ ಮಾರ್ಕರಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಹಿಡಿತಕ್ಕೂ ವೇಗಕ್ಕೂ ನೇರ ನಂಟಿಲ್ಲ ಎಂದು ಹೇಳಲು ಇದಕ್ಕಿಂತ ಚೊಕ್ಕ ಪುರಾವೆ ನಾನು ಕಂಡಿಲ್ಲ.

ಹಾಗೆಂದು ಹೈಡ್ರಾಕ್ಸಿಲನ್ನೇ ನಂಬುವ ಹಾಗೂ ಇಲ್ಲ. ಅದು ಎಸ್ಟರಿನಿಂದ ಅಸಿಟೈಲ್ ಗುಂಪನ್ನು ಕಿತ್ತು ತನ್ನ ಮೈಮೇಲೇ ಹಾಕಿಕೊಳ್ಳುತ್ತದೆ. ಅಲ್ಲಿಂದ ಅದನ್ನು ಕಳಚುವುದು ನಿಧಾನ. ಕಳಚುವ ತನಕ ಆ ಅಣು ಕೆಲಸಕ್ಕಿಲ್ಲ. ಇಮಿಡಜೋಲ್ ಬೇಕಾದದ್ದು ಅದಕ್ಕೇ. ಅದು ಅಸಿಟೈಲ್ ಗುಂಪನ್ನು ಬೇಗ ತೆಗೆದುಕೊಂಡು ನೀರಿಗೆ ಬೇಗ ದಾಟಿಸುತ್ತದೆ, ಅದೂ ಪಿಎಚ್ 7ರ ಸುತ್ತ, ದೇಹದೊಳಗಿನಂಥ ವಾತಾವರಣದಲ್ಲಿ.

ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ನಿನಲ್ಲಿ 21 ಹೈಡ್ರಾಕ್ಸಿಲುಗಳಿವೆ. ಕಿರಿದಾದ ಬಾಯಿಯಲ್ಲಿ ಏಳು, ಅಗಲ ಬಾಯಿಯಲ್ಲಿ ಹದಿನಾಲ್ಕು. ಇವುಗಳಲ್ಲಿ ಒಂದೇ ಒಂದನ್ನು ಬದಲಿಸಿ ಉಳಿದ ಇಪ್ಪತ್ತನ್ನು ಮುಟ್ಟದೆ ಬಿಡಬೇಕು. ಕಿರಿಬಾಯಿಯ ಹೈಡ್ರಾಕ್ಸಿಲುಗಳು ಚುರುಕು, ಸುಲಭವಾಗಿ ಸಿಗುತ್ತವೆ. ಅಗಲ ಬಾಯಿಯವು ಒಂದರ ಕೈ ಒಂದು ಹಿಡಿದುಕೊಂಡಿರುತ್ತವೆ, ಜೊತೆಗೆ ಎರಡು ಬಗೆಯವು ಇರುವುದರಿಂದ ಯಾವುದು ಬದಲಾಯಿತು ಎಂದು ಹೇಳುವುದೂ ಕಷ್ಟ. ಎಲ್ಲರೂ ಕಿರಿಬಾಯಿಯಿಂದ ಶುರುಮಾಡುತ್ತಾರೆ, ನಾನೂ ಅಲ್ಲಿಂದಲೇ.

ಹಾದಿ ಎರಡು ಮೆಟ್ಟಿಲಿನದು. ಮೊದಲು ಟೊಸೈಲ್ ಕ್ಲೋರೈಡಿನಿಂದ ಒಂದು ಹೈಡ್ರಾಕ್ಸಿಲಿಗೆ ಸುಲಭವಾಗಿ ಕಿತ್ತುಬರುವ ಟೊಸೈಲ್ ಗುಂಪು ಹಚ್ಚುವುದು, ಆಮೇಲೆ ಅದನ್ನು ಕಿತ್ತು ಇಮಿಡಜೋಲ್ ಕೂರಿಸುವುದು. ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ ತಣ್ಣೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ, 100 ಮಿಲಿಲೀಟರಿಗೆ 1.85 ಗ್ರಾಮಷ್ಟೆ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದರೆ ಥಟ್ಟನೆ ತಿಳಿಯಾಗುತ್ತದೆ. ಅದಕ್ಕೆ ಅಸಿಟೊನೈಟ್ರೈಲಿನಲ್ಲಿ ಕರಗಿಸಿದ ಟೊಸೈಲ್ ಕ್ಲೋರೈಡನ್ನು ತೊಟ್ಟು ತೊಟ್ಟಾಗಿ ಬಿಡುವುದು, ಕಲಕುವುದು, ಸೋಸುವುದು, ಆಮ್ಲ ಹಾಕಿ ಪಿಎಚ್ ಇಳಿಸಿ ಫ್ರಿಜ್ಜಿನಲ್ಲಿಡುವುದು. ಬೆಳಿಗ್ಗೆ ಹೊತ್ತಿಗೆ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ. ಓದಲು ಇಷ್ಟೇ. ಪುಡಿಯಲ್ಲಿ ಏನೇನಿದೆ ಅನ್ನುವುದೇ ಮುಂದಿನ ಪ್ರಶ್ನೆ: ಬದಲಾಗದೇ ಉಳಿದದ್ದು, ಒಂದು ಟೊಸೈಲ್ ಹತ್ತಿದ್ದು, ಎರಡು ಹತ್ತಿದ್ದು. ಮಿಶ್ರಣದಲ್ಲಿರುವುದನ್ನು ಬೇರೆಬೇರೆ ಚುಕ್ಕೆಗಳಾಗಿ ತೋರಿಸುವ ಟಿಎಲ್‌ಸಿ ಪ್ಲೇಟನ್ನು ಯುವಿ (ನೇರಳಾತೀತ) ದೀಪದಲ್ಲಿಟ್ಟರೆ ಟೊಸೈಲ್ ಇರುವವು ಮಾತ್ರ ಕಾಣುತ್ತವೆ. ಬರೀ ಸಕ್ಕರೆ ಕಾಣಬೇಕೆಂದರೆ ಸಲ್ಫ್ಯೂರಿಕ್ ಆಮ್ಲ ಚಿಮುಕಿಸಿ ಕಾಯಿಸಿ ಕರಕಲು ಮಾಡಬೇಕು. ಬಿಸಿನೀರಿನಲ್ಲಿ ಮತ್ತೆ ಮತ್ತೆ ಹರಳುಗಟ್ಟಿಸಿದಾಗ ಮಧ್ಯದ ಸ್ಪಾಟ್ ಒಂದೇ ಉಳಿಯುತ್ತದೆ, ಈಲ್ಡ್ ಕರಗಿ ಕರಗಿ ಕಾಲುಭಾಗಕ್ಕೆ ಬರುತ್ತದೆ.

ಇದನ್ನೆಲ್ಲ ಮಾಡಿದ್ದು ಆಷಾಢದಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಒಣಗಿಸುವುದು ಅನ್ನುವ ಕ್ರಿಯಾಪದಕ್ಕೆ ಬೆಲೆಯಿಲ್ಲ. ಬಟ್ಟೆಯಾಗಲಿ ಸೈಕ್ಲೊಡೆಕ್ಸ್‌ಟ್ರಿನ್ನಾಗಲಿ. ಈ ಸಕ್ಕರೆ ತನ್ನ ಗುಳಿಯೊಳಗೂ ಹರಳಿನ ಸಂದಿಯಲ್ಲೂ ನೀರು ತುಂಬಿಕೊಳ್ಳುತ್ತದೆ. ವ್ಯಾಕ್ಯೂಮ್ ಓವನ್ನಿನಿಂದ ತೆಗೆದು ತಕ್ಕಡಿಯ ಮೇಲಿಟ್ಟರೆ ನೋಡನೋಡುತ್ತಿದ್ದಂತೆ ತೂಕದ ಕೊನೆಯ ಅಂಕಿ ಏರುತ್ತಾ ಹೋಗುತ್ತದೆ. ಟೊಸೈಲ್ ಕ್ಲೋರೈಡಿಗಂತೂ ತೇವ ಆಗದು. ಮುಚ್ಚಳ ತೆರೆದಾಗಲೆಲ್ಲ ಒಂದಿಷ್ಟು ಆಮ್ಲವಾಗಿ ಹಾಳಾಗುತ್ತದೆ. ಸೀನಿಯರ್ ಒಬ್ಬರು ಬಾಟಲಿಗೆ ಪ್ಯಾರಾಫಿಲ್ಮ್ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿ, ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿ ಇಡುವುದನ್ನು ಕಲಿಸಿದರು. ಅಕ್ಕಿ ಹಪ್ಪಳವನ್ನೂ ಅಮ್ಮ ಹೀಗೇ ಇಡುವುದು ಅಂದೆ. "ನಿಮ್ಮಮ್ಮಂಗೆ ಸಿಲಿಕಾ ಜೆಲ್ ಕೊಟ್ಟು ಕಳಿಸಬೇಡ ಮಾರಾಯ್ತಿ" ಅಂದರು.

ಎರಡನೆಯ ಮೆಟ್ಟಿಲು ಸಲೀಸು. ಡಿಎಂಎಫ್ ಎಂಬ ದ್ರಾವಕದಲ್ಲಿ ಹೆಚ್ಚುವರಿ ಇಮಿಡಜೋಲ್ ಜೊತೆ ಕಾಯಿಸಿ, ತಣಿದ ಮೇಲೆ ಅಸಿಟೋನಿಗೆ ಸುರಿದರೆ ಮೊಸರಿನಂತೆ ಒಡೆದು ಬೀಳುತ್ತದೆ. ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದೆವು. ಫಲಿತಾಂಶ ಬಂದಾಗ ನೋಡಿದ್ದು ಎರಡೇ ಜಾಗ: 7.4 ಮತ್ತು 7.7ರಲ್ಲಿದ್ದ ಟೊಸೈಲಿನ ಜೋಡಿ ಗೆರೆಗಳು ಹೋಗಿವೆಯೇ, ಇಮಿಡಜೋಲಿನ ಮೂರು ಗೆರೆಗಳು ಬಂದಿವೆಯೇ. ಎರಡಕ್ಕೂ ಹೌದು.

ವೇಗ ಅಳೆಯುವುದಕ್ಕೆ ಎಲ್ಲರೂ ಬಳಸುವ ಎಸ್ಟರೆಂದರೆ ಪ್ಯಾರಾ-ನೈಟ್ರೋಫಿನೈಲ್ ಅಸಿಟೇಟ್. ಒಡೆದರೆ ಹಳದಿ ಬಣ್ಣದ ನೈಟ್ರೋಫಿನೊಲೇಟ್ ಬರುತ್ತದೆ. 400 ನ್ಯಾನೊಮೀಟರಿನಲ್ಲಿ ಸ್ಪೆಕ್ಟ್ರೋಫೋಟೋಮೀಟರಿನ ಮುಂದೆ ಕೂತು ಗೆರೆ ಏರುವುದನ್ನು ನೋಡಿದರಾಯಿತು. ಬಫರಿನಲ್ಲಿ ಎಸ್ಟರ್ ಒಂದನ್ನೇ ಬಿಟ್ಟಾಗ ಗೆರೆ ಹೆಚ್ಚುಕಡಿಮೆ ಮಲಗಿತ್ತು. ನನ್ನ ಅಣುವನ್ನು ಹಾಕಿದೆ. ಎದ್ದಿತು. ಲೆಕ್ಕ ಹಾಕಿದರೆ ಹತ್ತಾರು ಪಟ್ಟು. ಲ್ಯಾಬಿನವರೆಲ್ಲ ಕೂಡಿ ಕ್ಯಾಂಟೀನಿಗೆ ಹೋಗಿ ಮಂಡಕ್ಕಿ ಮಿರ್ಚಿ ತಿಂದೆವು.

ಮೇಡಂ ಬಂದು ಗ್ರಾಫ್ ನೋಡಿ ಕೇಳಿದ್ದು ಒಂದೇ: "ಬರೀ ಇಮಿಡಜೋಲ್ ಹಾಕಿದರೆ ಎಷ್ಟು?" ಇಮಿಡಜೋಲ್ ಒಂಟಿಯಾಗಿದ್ದರೂ ಈ ಎಸ್ಟರನ್ನು ಒಡೆಯುತ್ತದೆ, ಅದು ಪುಸ್ತಕದಲ್ಲಿರುವ ಸಂಗತಿಯೇ. ಅಷ್ಟೇ ಪ್ರಮಾಣದ ಇಮಿಡಜೋಲ್ ಜೊತೆ ಹೋಲಿಸಿ ನೋಡಿದಾಗ ನಮ್ಮ ಆತಿಥೇಯದ ಪಾಲಿಗೆ ಉಳಿದದ್ದು ಕೆಲವೇ ಪಟ್ಟು. ಗುಳಿಯಿಂದ ಬಂದ ಲಾಭ ಅಷ್ಟೇ. ಈ ಕ್ಷೇತ್ರದಲ್ಲಿ ಯಾವುದರ ಜೊತೆ ಹೋಲಿಸಿದಿರಿ ಎನ್ನುವುದರಲ್ಲೇ ಅರ್ಧ ಸತ್ಯ ಅಡಗಿದೆ. 1980ರ ದಶಕದಲ್ಲಿ ಸೈಕ್ಲೊಡೆಕ್ಸ್‌ಟ್ರಿನ್ನಿನ ಒಂದು ಅಣು ಕೈಮೋಟ್ರಿಪ್ಸಿನ್ನಿಗೆ ಸಮಸಮ ಎಂದು ಸುದ್ದಿಯಾಗಿತ್ತು. ಆಮೇಲೆ ನೋಡಿದರೆ ಎರಡನ್ನೂ ಅಳೆದ ಪಿಎಚ್ ಬೇರೆ, ಎಸ್ಟರ್ ಬೇರೆ.

ಗುಳಿಯೊಳಗೇ ಕೆಲಸ ಆಗುತ್ತಿದೆಯೇ ಎಂದು ತಿಳಿಯಲು ಅಡಮಾಂಟೇನ್ ಕಾರ್ಬಾಕ್ಸಿಲೇಟನ್ನೇ ಮತ್ತೆ ಕರೆದೆ. ಅದನ್ನು ಹಾಕುತ್ತಿದ್ದಂತೆ ವೇಗ ಬಿತ್ತು. ಅಂದರೆ ಕೂರುವ ಜಾಗ ಅದೇ, ಅಷ್ಟರ ಮಟ್ಟಿಗೆ ಕಿಣ್ವದ ನಡವಳಿಕೆ ಇದೆ. ಎಸ್ಟರಿನ ಪ್ರಮಾಣ ಹೆಚ್ಚಿಸುತ್ತಾ ಹೋದರೆ ವೇಗ ಏರಿ ಏರಿ ಒಂದು ಹಂತದಲ್ಲಿ ಬಾಗುತ್ತದೆ, ಕಿಣ್ವಗಳ ವೇಗವನ್ನು ಹೇಳುವ ಮೈಕೆಲಿಸ್-ಮೆಂಟೆನ್ ಸಮೀಕರಣಕ್ಕೆ ಹೊಂದುವ ಹಾಗೆ. ಇಷ್ಟಕ್ಕೇ ಒಂದು ಪೇಪರ್ ಬರೆದುಬಿಡಬಹುದಿತ್ತು. ಆದರೆ ಬಹಳ ಹೊತ್ತು ಓಡಿಸಿದ ಪ್ರಯೋಗಗಳಲ್ಲಿ ಗೆರೆ ಎಸ್ಟರ್ ಮುಗಿಯುವ ಮೊದಲೇ ಸೊರಗುತ್ತಿತ್ತು. ಕಾರಣ ಆ ಹಳದಿ ವಸ್ತು. ನೈಟ್ರೋಫಿನೊಲೇಟ್ ಋಣ ವಿದ್ಯುದಂಶದ ಅಣು, ನೋಡಿದರೆ ನೀರಿನಲ್ಲೇ ಇರಬೇಕಾದದ್ದು. ಆದರೆ ಸೈಕ್ಲೊಡೆಕ್ಸ್‌ಟ್ರಿನ್ ಅದನ್ನು ಎಸ್ಟರಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ಕೆಲಸ ಮುಗಿದ ಮೇಲೂ ಉತ್ಪನ್ನ ಎದ್ದು ಹೋಗುವುದಿಲ್ಲ, ಹೊಸ ಎಸ್ಟರಿಗೆ ಜಾಗವಿಲ್ಲ.

ದೊಡ್ಡವರಿಗೂ ಇದೇ ಕಾಟ ಎಂದು ತಿಳಿದಾಗ ಸ್ವಲ್ಪ ಸಮಾಧಾನವಾಯಿತು. 2010ರಲ್ಲಿ ಬರ್ಕ್ಲಿಯ ರೇಮಂಡ್, ಬರ್ಗ್‌ಮನ್ ತಂಡದವರು ಗ್ಯಾಲಿಯಂ ಅಯಾನುಗಳ ಪಂಜರದೊಳಗೆ ನಜರೋವ್ ಕ್ರಿಯೆ ಎಂಬ, ಉಂಗುರ ಕಟ್ಟುವ ಒಂದು ಕ್ರಿಯೆಯನ್ನು 20 ಲಕ್ಷ ಪಟ್ಟು ವೇಗವಾಗಿ ನಡೆಸಿದರು. ಕಿಣ್ವದ ಮಟ್ಟದ ಅಂಕಿ ಅದು. ಅಲ್ಲಿಯೂ ಹುಟ್ಟಿದ ಉತ್ಪನ್ನ ಪಂಜರದಲ್ಲೇ ಕೂತು ದಾರಿ ಕಟ್ಟಿತು. ಅವರು ಮಾಲಿಮೈಡ್ ಎಂಬ ಇನ್ನೊಂದು ಸಣ್ಣ ಅಣುವನ್ನು ಸೇರಿಸಿದರು. ಅದು ಉತ್ಪನ್ನದ ಜೊತೆ ಕೂಡಿ ಪಂಜರಕ್ಕೆ ಹಿಡಿಸದ ಇನ್ನೊಂದು ಅಣುವಾಗಿ ದಾರಿ ತೆರವಾಯಿತು. ನನಗೆ ಆ 20 ಲಕ್ಷಕ್ಕಿಂತ ಮಾಲಿಮೈಡಿನ ಉಪಾಯವೇ ಹೆಚ್ಚು ಜಾಣತನದ್ದು ಅನ್ನಿಸುತ್ತದೆ.

ಊರಿಗೆ ಹೋದಾಗ ಅಜ್ಜಯ್ಯ ಕೇಳುವುದು ಒಂದೇ ಮಾತು. ಸಾಗರದ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಜಗಲಿಯಲ್ಲಿ ಕೂತು ಎಲೆಯ ಬೆನ್ನಿಗೆ ಸುಣ್ಣ ಸವರುತ್ತಾ, "ಎಂತ ಒಡೀತೀಯ ನೀನು ಅಲ್ಲಿ?" ಅಂದರು. ಎಸ್ಟರ್ ಅಂದರೆ ಅರ್ಥವಾಗದು ಅಂತ, "ನೀವು ಈಗ ಬಾಯಲ್ಲಿ ಒಡೀತಿರೋದನ್ನೇ ಅಜ್ಜಯ್ಯ" ಅಂದೆ. ಸುಳ್ಳಲ್ಲ. ಅಡಿಕೆಯ ಮುಖ್ಯ ಆಲ್ಕಲಾಯ್ಡ್ ಆದ ಅರೆಕೋಲಿನ್ ಒಂದು ಮಿಥೈಲ್ ಎಸ್ಟರ್. ಸುಣ್ಣದ ಕ್ಷಾರ ಅದನ್ನು ಒಡೆದು ಅರೆಕೈಡಿನ್ ಮಾಡುತ್ತದೆ.

"ಸುಣ್ಣ ಸಾಕಾಗ್ತದಲ್ಲ, ನಿಂದೆಂತಕ್ಕೆ?"

"ಸುಣ್ಣ ಸಿಕ್ಕಿದ್ದನ್ನೆಲ್ಲ ಒಡೀತದೆ, ಬಾಯಿನೂ ಸುಡ್ತದೆ. ನಂದು ಬೇಕಾದ್ದನ್ನ ಮಾತ್ರ ಒಡೀಬೇಕು, ಬರೀ ನೀರಲ್ಲಿ."

"ಒಡೀತದಾ?"

"ನಿಧಾನಕ್ಕೆ."

ಅಜ್ಜಯ್ಯ ತಲೆ ಅಲ್ಲಾಡಿಸಿ ಉಗುಳಲು ಎದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನು ಯಾವ ಪಟ್ಟಿಯಲ್ಲಿಟ್ಟಿದೆ ಎನ್ನುವ ವಿಷಯವನ್ನು ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಎತ್ತುವ ಹಾಗಿಲ್ಲ. ನಾನೂ ಎತ್ತುವುದಿಲ್ಲ, ಫೆಲೋಶಿಪ್ ತಡವಾದಾಗ ಆ ಅಡಿಕೆಯ ದುಡ್ಡೇ ನನ್ನ ಹಾಸ್ಟೆಲ್ ಮೆಸ್ಸಿಗೆ ಬಂದದ್ದು.

ಮುಂದಿನ ವಿನ್ಯಾಸಕ್ಕೆ ನನಗೆ ದಾರಿ ತೋರಿದ್ದು ಕೊಲಂಬಿಯಾ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೆಸ್ಲೋ ಅವರ ಕೆಲಸ. ಆರ್‌ಎನ್‌ಎ ಕತ್ತರಿಸುವ ರೈಬೊನ್ಯೂಕ್ಲಿಯೇಸ್ ಕಿಣ್ವದಲ್ಲಿ ಎರಡು ಹಿಸ್ಟಿಡಿನ್‌ಗಳಿವೆ, 12ನೆಯದು ಮತ್ತು 119ನೆಯದು. ಒಂದು ಪ್ರೋಟಾನ್ ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಬ್ರೆಸ್ಲೋ ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ನಿನ ಕಿರಿಬಾಯಿಯಲ್ಲಿ ಎರಡು ಇಮಿಡಜೋಲ್ ಕೂರಿಸಿದರು. ಪಿಎಚ್ ಬದಲಿಸುತ್ತಾ ವೇಗ ಅಳೆದರೆ ಕಿಣ್ವದಲ್ಲಿ ಸಿಗುವಂಥದೇ ಗಂಟೆಯಾಕಾರದ ರೇಖೆ ಬಂತು, ಒಂದು ಇಮಿಡಜೋಲ್ ಆಮ್ಲವಾಗಿ ಇನ್ನೊಂದು ಕ್ಷಾರವಾಗಿ ಒಟ್ಟಿಗೇ ದುಡಿಯುತ್ತಿವೆ ಎನ್ನುವುದಕ್ಕೆ ಗುರುತು. ಆಮೇಲೆ ಇಮಿಡಜೋಲ್‌ಗಳನ್ನು ಪಕ್ಕಪಕ್ಕದ ಗ್ಲೂಕೋಸಿನಲ್ಲಿ, ಒಂದು ಬಿಟ್ಟು ಒಂದರಲ್ಲಿ, ಎದುರುಬದುರಿನಲ್ಲಿ ಕೂರಿಸಿ ಮೂರು ಅಣು ಮಾಡಿ ಹೋಲಿಸಿದರು. ನೀರು ಒಡೆಯಬೇಕಾದ ಅಣುವಿನ ರಂಜಕದ (ಫಾಸ್ಫರಸ್) ಮೇಲೆ ಒಂದು ಕಡೆಯಿಂದ ಬಿದ್ದು ಒಡೆದದ್ದು ಎದುರುಗಡೆಯಿಂದ ಹೊರಡುತ್ತದೆ ಎಂಬ ಹಳೆಯ ಲೆಕ್ಕದ ಪ್ರಕಾರ ಎದುರುಬದುರಾದದ್ದು ಗೆಲ್ಲಬೇಕಿತ್ತು. ಗೆದ್ದದ್ದು ಪಕ್ಕಪಕ್ಕದ್ದು. ನಕಲಿ ಅಣು ಅಸಲಿ ಕಿಣ್ವದ ನಡೆಯ ಬಗ್ಗೆಯೇ ಹೊಸ ಪ್ರಶ್ನೆ ಎತ್ತಿತು. ಇಂಥ ಅಣುಗಳಿಂದ ಕಾರ್ಖಾನೆಗೆ ಏನುಪಯೋಗ ಎಂದು ವೈವಾದಲ್ಲಿ ಕೇಳಿದರೆ ನಾನು ಕೊಡಲಿರುವ ಉತ್ತರ ಇದೇ.

ಬ್ರೆಸ್ಲೋ ಅವರದೇ ಇನ್ನೊಂದು ಪಾಠವೂ ಇದೆ. ಆತಿಥೇಯವನ್ನು ಬದಲಿಸುವ ಬದಲು ಅತಿಥಿಯನ್ನೇ ಬದಲಿಸಿ, ಫೆರೊಸೀನ್ ಎಂಬ ಕಬ್ಬಿಣದ ಸಂಯುಕ್ತ ಹೊತ್ತ ಎಸ್ಟರುಗಳನ್ನು ಬಿಗಿಯಾಗಿ ವಿನ್ಯಾಸ ಮಾಡಿ, ಬದಲಾಗದ ಬೀಟಾ-ಸೈಕ್ಲೊಡೆಕ್ಸ್‌ಟ್ರಿನ್ನಿನಲ್ಲೇ ಹತ್ತು ಲಕ್ಷ ಪಟ್ಟಿಗೂ ಮೀರಿದ ವೇಗ ತೆಗೆದಿದ್ದರು. ಎಸ್ಟರ್ ತಿರುಗಾಡಲು ಜಾಗವಿಲ್ಲದ ಹಾಗೆ ಮಾಡಿದ್ದೇ ಗುಟ್ಟು. ನನ್ನ ಮೊದಲ ಅಣುವಿನಲ್ಲಿ ಎಸ್ಟರಿಗೆ ತಿರುಗಾಡಲು ಬೇಕಾದಷ್ಟು ಜಾಗವಿದೆ, ಇಮಿಡಜೋಲ್ ಅತ್ತ ನೋಡುತ್ತಿದ್ದರೆ ಎಸ್ಟರ್ ಇತ್ತ.

ಆದ್ದರಿಂದ ಈಗ ಎರಡು ಬದಲಾವಣೆ. ಇಮಿಡಜೋಲನ್ನು ಕಿರಿಬಾಯಿಯಿಂದ ಅಗಲ ಬಾಯಿಗೆ ತಂದಿದ್ದೇನೆ. ಎಸ್ಟರುಗಳು ತಮ್ಮ ತುದಿಯನ್ನು ಹೊರಚಾಚುವುದು ಸಾಮಾನ್ಯವಾಗಿ ಆ ಕಡೆಗೇ. ಇದರ ಟೊಸೈಲ್ ಹಂತ ಮೊದಲಿನದಕ್ಕಿಂತ ಎಷ್ಟೋ ಪಾಲು ಹಟಮಾರಿ, ಹರಳುಗಟ್ಟಿಸಿ ಗೆಲ್ಲುವುದು ಆಗದ ಮಾತು, ಮಿಶ್ರಣವನ್ನು ನಳಿಗೆಯಲ್ಲಿ ಇಳಿಸಿ ಬೇರ್ಪಡಿಸುವ ಕಾಲಮ್ ಹಾಕಲೇಬೇಕಾಯಿತು. ಎರಡನೆಯದು, ಪ್ಯಾರಾ-ನೈಟ್ರೋಫಿನೈಲ್ ಎಸ್ಟರನ್ನು ಬಿಟ್ಟು ಮೆಟಾ-ಟರ್ಷಿಯರಿ-ಬ್ಯೂಟೈಲ್ ಎಸ್ಟರಿಗೆ ಹೋಗುತ್ತಿದ್ದೇನೆ. ಹಳದಿ ಬಣ್ಣ ಬರುವುದಿಲ್ಲ, ಯುವಿಯಲ್ಲೇ ಅಳೆಯಬೇಕು, ಗೆರೆ ಅಷ್ಟು ಚೆಂದ ಏರುವುದಿಲ್ಲ. ಒಡೆದ ಮೇಲೆ ಉಳಿಯುವ ಫಿನಾಲ್ ಕೂಡ ಗುಳಿಗೆ ಅಂಟಿಕೊಳ್ಳುವಂಥದ್ದೇ. ಅದನ್ನು ಎಬ್ಬಿಸಿ ಕಳಿಸಲು ಮಾಲಿಮೈಡಿನಂಥ ಒಂದು ಉಪಾಯ ನನಗಿನ್ನೂ ಹೊಳೆದಿಲ್ಲ. ಸದ್ಯಕ್ಕೆ ಮೇಡಂ ಕೊಟ್ಟ ಸಲಹೆ: ಮೊದಲು ಬರೀ ಸೈಕ್ಲೊಡೆಕ್ಸ್‌ಟ್ರಿನ್, ಬರೀ ಇಮಿಡಜೋಲ್, ಎರಡನ್ನೂ ಒಂದಕ್ಕೊಂದು ಬೆಸೆಯದೆ ಸುಮ್ಮನೆ ಕಲಸಿದ್ದು, ಈ ಮೂರರ ವೇಗ ಅಳೆದಿಟ್ಟುಕೋ, ಆಮೇಲೆ ನಿನ್ನ ಅಣುವನ್ನು ಮುಟ್ಟು. ಕಾಲಮಿನಿಂದ ಇಳಿದ ಪುಡಿ ಡೆಸಿಕೇಟರಿನಲ್ಲಿದೆ, ಎನ್‌ಎಂಆರ್ ಬರಬೇಕು. ಈ ವಾರ ಬಫರ್ ತಯಾರಿಸಿ ಬರೀ ಇಮಿಡಜೋಲಿನದನ್ನು ಶುರುಮಾಡಿದ್ದೇನೆ.